ಬಾಗಿಲೊಳಗಿನ ಹೆಸರು

"ಏಯ್! ಏನ್ ಮಾಡ್ತಿದ್ದೀರಾ ನನ್ನ ಕಾರಿಗೆ?"

ಟೀ ಲೋಟವನ್ನು ಪಕ್ಕದಲ್ಲಿ ನಿಂತಿದ್ದ ಯಾರದೋ ಸ್ಕೂಟರ್ ಸೀಟಿನ ಮೇಲಿಟ್ಟು ಸುಗತ ಓಡಿ ಬಂದ. ಶಿವಾಜಿನಗರದ ಆ ಇಕ್ಕಟ್ಟು ಗಲ್ಲಿಯಲ್ಲಿ ಅವನ ಬಿಳಿ ಕಾರಿನ ಎಡಗಡೆಯ ಮುಂಬಾಗಿಲು ಪೂರ್ತಿ ತೆರೆದಿತ್ತು. ಒಬ್ಬ ಹುಡುಗಿ ಬಾಗಿಲಿನ ಅಂಚಿನ ಕಪ್ಪು ರಬ್ಬರನ್ನು ಎರಡೂ ಕೈಯಲ್ಲಿ ಹಿಡಿದು ಪರ್ರನೆ ಕೀಳುತ್ತಿದ್ದಳು.

ಅವಳು ತಿರುಗಿ ಕೂಡ ನೋಡಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು! ಮೆಕ್ಯಾನಿಕ್ ಎಲ್ಲಿ?"

ಈಗ ತಿರುಗಿದಳು. ಹಣೆಯ ಮೇಲೆ ಗ್ರೀಸಿನ ಗೆರೆ. ಕಣ್ಣಲ್ಲಿ ಎಳ್ಳಷ್ಟೂ ಅಂಜಿಕೆಯಿಲ್ಲ.

"ನಿಮ್ಮ ಎದುರಿಗೇ ನಿಂತಾಳ್ರಿ."

"ಅಲ್ಲ... ಹಾಶಿಮ್ ಭಾಯ್ ಮಾಡ್ತಾರೆ ಅಂದಿದ್ರು..."

"ಹಾಶಿಮ್ ಚಾಚಾ ಕುಂತು ನೋಡ್ತಾರ. ಕೆಲಸ ನಾ ಮಾಡ್ತೀನಿ. ಬ್ಯಾಡಂದ್ರ ಹೇಳ್ರಿ, ಈ ಹರಕು ರಬ್ಬರ್ ಹಂಗೇ ತಿರುಗಿ ಹಾಕಿ ಕೊಡ್ತೀನಿ. ಮಳಿ ಬಂದಾಗ ಛತ್ರಿ ಹಿಡ್ಕೊಂಡು ಕಾರಿನ್ಯಾಗ ಕುಂದರ್ರಿ."

ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಿದ್ದ ಮುದುಕ ಹಾಶಿಮ್ ಕೆಮ್ಮಿ ಕೆಮ್ಮಿ ನಕ್ಕರು. "ಅರೆ ಸಾಬ್, ಘಬರಾವೋ ನಕ್ಕೋ, ಹೆದರ್ಬೇಡಿ! ನನ್ನ ಕಣ್ಣು ಮಂಜಾಯ್ತು. ಅವಳ ಕೈ ನನ್ನ ಕೈಗಿಂತ ಚೆನ್ನಾಗಿದೆ."

ಸುಗತನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು, 'ಹುಡುಗಿಯರಿಗೆ ಯಾವ ಕೆಲಸವೂ ಕಷ್ಟವಲ್ಲ' ಎಂದು ತರಗತಿಯಲ್ಲಿ ವರ್ಷಕ್ಕೆ ಹತ್ತು ಸಲ ಹೇಳುವವನು... ಈಗ ಬೀದಿಯಲ್ಲಿ ನಿಂತು ಮೆಕ್ಯಾನಿಕ್ ಎಲ್ಲಿ ಎಂದು ಕೇಳಿಬಿಟ್ಟಿದ್ದ!

"ಸಾರಿ," ಅಂದ. "ಮಾಡಿ. ಆದ್ರೆ... ಆ ಸೀಟಲ್ಲಿ ನಮ್ಮಮ್ಮ ಕೂರ್ತಾರೆ. ಮಂಡಿ ನೋವು, ವಾರಕ್ಕೆರಡು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಹೋದ ಮಳೆಗಾಲದಲ್ಲಿ ಪ್ರತಿ ಸಲ ಅವರ ಸೀರೆ ಒದ್ದೆ ಆಗ್ತಿತ್ತು."

ಅವಳ ಮುಖ ತುಸು ಸಡಿಲವಾಯಿತು. ತುಸುವೇ.

"ನಿಮ್ಮ ಅವ್ವನ ಮ್ಯಾಲ ಒಂದು ಹನಿ ಬಿದ್ರ, ನನ್ನ ಹೆಸರು ಅಳಸಿಬಿಡ್ರಿ," ಅಂದಳು.

ಅವಳ ಹೆಸರು ಜಯಮಾಲಾ. ರಾಯಚೂರು ಸೀಮೆಯಿಂದ ತಾಯಿ ಅಮೃತಮ್ಮನ ಜೊತೆ ಬಂದು ಜೋಗುಪಾಳ್ಯದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಹಾಶಿಮರ ಅಂಗಡಿಗೆ ಬಂದದ್ದು ಸೀಟ್ ಕವರ್ ಹೊಲಿಯಲು. ಹೊಲಿಗೆಯ ನಡುವೆ ಕಣ್ಣೆತ್ತಿ ನೋಡುತ್ತಾ ನೋಡುತ್ತಾ ಬಾಗಿಲಿನ ಕೆಲಸ ಕಲಿತಿದ್ದಳು.

ಆ ದಿನ ಸುಗತ ಬಾಕಿ ಟೀ ಕುಡಿಯುವುದನ್ನೇ ಮರೆತು ನೋಡುತ್ತ ನಿಂತ.

ಗಾಜಿನ ಹೊರಬದಿಗಿದ್ದ ರಬ್ಬರ್ ಪಟ್ಟಿ ಬಿಸಿಲಿಗೆ ಬಿರಿದು ಕಡಲೆ ಸಿಪ್ಪೆಯಂತಾಗಿತ್ತು. ಅವಳು ಒಳಗಿನ ಡೋರ್ ಪ್ಯಾಡಿನ ಸ್ಕ್ರೂ ಬಿಚ್ಚಿ, ಕ್ಲಿಪ್ಪುಗಳನ್ನು ಒಂದೊಂದಾಗಿ ಟಕ್ ಟಕ್ ಎಂದು ಬಿಡಿಸಿ, ಇಡೀ ಪ್ಯಾಡನ್ನು ತೆಗೆದು ಗೋಡೆಗೆ ಒರಗಿಸಿದಳು. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿದಳು. ಹಳೆಯ ಪಟ್ಟಿ ಹೋಯಿತು, ಹೊಸದು ಕೂತಿತು. ರಬ್ಬರಿಗೆ ಸೋಪಿನ ನೀರು ಸವರಿ ಮೂಲೆಯಿಂದ ಶುರುಮಾಡಿ ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು. ಎಲ್ಲಿಯೂ ಎಳೆಯಲಿಲ್ಲ. "ಎಳೆದು ಹಾಕಿದ ರಬ್ಬರ್ ಆರು ತಿಂಗಳಿಗೆ ಗಿಡ್ಡ ಆಗ್ತದ್ರಿ," ಅಂದಳು, ಯಾರಿಗೋ ಹೇಳುವಂತೆ.

ಆಮೇಲೆ ಅವನ ಜೇಬಿನಿಂದ ಇಣುಕುತ್ತಿದ್ದ ಬಸ್ ಟಿಕೆಟ್ಟನ್ನು ಬೆರಳಿನಿಂದ ತೋರಿಸಿದಳು. "ಅದನ್ನ ಕೊಡ್ರಿ."

ಟಿಕೆಟ್ಟನ್ನು ಅಂಚಿಗಿಟ್ಟು ಬಾಗಿಲು ಮುಚ್ಚಿದಳು. "ಜಗ್ಗ್ರಿ."

ಎಳೆದ. ಬರಲಿಲ್ಲ. ಇನ್ನೊಂದು ಕಡೆ ಇಟ್ಟಳು. ಅಲ್ಲೂ ಬರಲಿಲ್ಲ. ಹನ್ನೊಂದು ಕಡೆ ಪರೀಕ್ಷೆಯಾಯಿತು. ಹನ್ನೆರಡನೆಯ ಕಡೆ ಟಿಕೆಟ್ ಹರಿದೇ ಹೋಯಿತು!

ಪೈಪ್ ಹಿಡಿದು ನೀರು ಬಿಟ್ಟೂ ನೋಡಿದರು. ಒಳಗೆ ಒಂದು ಹನಿ ಇಲ್ಲ.

ಕೊನೆಗೆ ಹಾಶಿಮ್ ತಮ್ಮ ಜೇಬಿನಿಂದ ಬಿಳಿ ಪೇಂಟ್ ಪೆನ್ನು ತೆಗೆದರು. ಅವರ ಉಸ್ತಾದರ ಕಾಲದಿಂದಲೂ ಆ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಪ್ಯಾಡ್ ಮುಚ್ಚುವ ಮುಂಚೆ, ಕೆಲಸ ಮಾಡಿದವರು ಬಾಗಿಲೊಳಗಿನ ತಗಡಿನ ಮೇಲೆ ತಮ್ಮ ಹೆಸರು ಬರೆಯಬೇಕು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಎಂದಾದರೂ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ.

"ಎರಡು ವರ್ಷ ಇವಳು ಮಾಡಿದ್ದಕ್ಕೆ ನನ್ನ ಹೆಸರು ಬರೆದಿದ್ದೀನಿ ಸಾಬ್," ಅಂದರು ಹಾಶಿಮ್. "ಹುಡುಗಿ ಹೆಸರು ನೋಡಿದ್ರೆ ಗಲ್ಲಿಯವರು ನಗ್ತಾರೆ ಅಂತ ಹೆದರಿಕೆ. ಇವತ್ತು ಸಾಕು. ಲೇ ಬೇಟಿ, ನಿನ್ನ ಹೆಸರು ನೀನೇ ಬರಿ."

ಜಯಮಾಲಾ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

"ಒಂದು ಮಾತು ನೆನಪಿಟ್ಕೋ," ಹಾಶಿಮರ ಧ್ವನಿ ಬಿಗಿಯಾಯಿತು. "ಬಾಗಿಲು ನೀರಿಗೆ ಸೋತು ವಾಪಸ್ ಬಂತೋ, ಹೆಸರು ಥಿನ್ನರಲ್ಲಿ ಅಳಿಸ್ತೀನಿ. ಒಂದು ವರ್ಷ ಮತ್ತೆ ಸೀಟ್ ಹೊಲಿಗೆ. ನನ್ನ ಉಸ್ತಾದ್ ನನ್ನನ್ನೂ ಬಿಟ್ಟಿರ್ಲಿಲ್ಲ."

"ಬರಂಗಿಲ್ಲ ಚಾಚಾ."

ಅವಳು ಬರೆದಳು. ಜಯಮಾಲಾ. ಕೆಳಗೆ ತಾರೀಖು.

ಆ ಕ್ಷಣ ಅವಳ ಮುಖದಲ್ಲಿ ಮೂಡಿದ ಬೆಳಕನ್ನು ಸುಗತ ನೋಡಿದ. ಮಹದೇವಪುರದ ಮನೆಯವರೆಗೂ ಟ್ರಾಫಿಕ್ಕಿನಲ್ಲಿ ಅದನ್ನೇ ನೋಡುತ್ತಾ ಹೋದ.

*

ಮುಂದಿನ ಶನಿವಾರ ಅವನು ಮತ್ತೆ ಬಂದ. ಬಲಗಡೆಯ ಮುಂಬಾಗಿಲಿಗೆ.

ಅದರ ಮುಂದಿನ ಶನಿವಾರ, ಎಡಗಡೆಯ ಹಿಂಬಾಗಿಲು.

"ನಾಕೂ ಬಾಗಿಲ ಒಂದೇ ಸಲ ಮಾಡಿಸಬಾರದೇನ್ರಿ ಮಾಸ್ತರ?" ಕ್ಲಿಪ್ ಬಿಡಿಸುತ್ತಾ ಜಯಮಾಲಾ ಕೇಳಿದಳು. "ಪೆಟ್ರೋಲ್ ಪುಗಸಟ್ಟೆ ಸಿಗ್ತದೇನು?"

"ಒಂದೇ ಸಲ ಮಾಡಿಸಿದ್ರೆ... ಮುಗಿದು ಹೋಗುತ್ತಲ್ಲ."

ಅವಳ ಕೈ ನಿಂತಿತು. ಆ ದಿನ ರಬ್ಬರ್ ಹಾಕಲು ಅರ್ಧ ಗಂಟೆ ಹೆಚ್ಚು ಹಿಡಿಯಿತು!

ನಾಲ್ಕನೆಯ ಶನಿವಾರ ಕೊನೆಯ ಬಾಗಿಲೂ ಮುಗಿಯಿತು. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟೀ ಕುಡಿದರು. ಸುಗತ ಲೋಟವನ್ನು ತಿರುಗಿಸುತ್ತಲೇ ಇದ್ದ.

"ಇನ್ನು ಬಾಗಿಲು ಉಳಿದಿಲ್ಲ," ಅಂದ, ಸಣ್ಣ ಧ್ವನಿಯಲ್ಲಿ.

ಜಯಮಾಲಾ ಬೀದಿಯನ್ನೇ ನೋಡುತ್ತಿದ್ದಳು. 'ಹೇಳಲೇ? ಬೇಡವೇ? ಹೇಳಿದರೆ ನಾನಾಗಿಯೇ ಕರೆದಂತೆ ಆಗುವುದಿಲ್ಲವೇ? ಆಗಲಿ... ಆದರೇನು!'

"ಡಿಕ್ಕಿ ಅದ ಅಲ್ರಿ," ಅಂದಳು. "ಅದಕ್ಕೂ ರಬ್ಬರ್ ಇರ್ತದ."

ಅವನ ಮುಖ ಅರಳಿದ್ದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು.

*

ಆದರೆ ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಮೇ ತಿಂಗಳ ಮಳೆ ಶುರುವಾಗಿತ್ತು. ಮಹದೇವಪುರದ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ಎಂದು ಎಲ್ಲರ ಮೊಬೈಲಿನಲ್ಲೂ ವಿಡಿಯೋ ಬರುತ್ತಿತ್ತು. ಡಿಕ್ಕಿಯ ರಬ್ಬರ್ ತರಿಸಿ ಇಟ್ಟಿದ್ದಳು ಜಯಮಾಲಾ. ಸುತ್ತಿಟ್ಟ ಆ ರಬ್ಬರ್ ಮೊಳೆಗೆ ನೇತಾಡುತ್ತಿತ್ತು. ಬಂದವರು ಕೇಳಿದರೆ, "ಅದು ಕೊಡಂಗಿಲ್ರಿ, ಹೇಳಿ ತರಿಸಿದ್ದು," ಅನ್ನುತ್ತಿದ್ದಳು.

ಹೇಳಿದವರು ಯಾರು? ಯಾರೂ ಇಲ್ಲ. ಅವಳೇ.

'ಬರದಿದ್ದರೆ ಬೇಡ. ನಾನೇನು ಕಾಯುತ್ತಿಲ್ಲ!' ಎಂದುಕೊಂಡಳು. ಬಿಳಿ ಕಾರು ಗಲ್ಲಿಗೆ ತಿರುಗಿದಾಗಲೆಲ್ಲ ಕತ್ತೆತ್ತಿದಳು.

ಒಂದು ಗುರುವಾರ ಮಧ್ಯಾಹ್ನ ಗಲ್ಲಿಯ ಅಂಗಡಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಪಕ್ಕದ ಗಲ್ಲಿಯಲ್ಲಿ ಇದೇ ಕೆಲಸ ಮಾಡುವ ಶಾಹಬಾಜ್ ಕಳಿಸಿದ್ದು. ಬಿಚ್ಚಿದ ಕಾರಿನ ಬಾಗಿಲು. ಒಳಗಿನ ತಗಡಿನ ಮೇಲೆ ಬಿಳಿ ಅಕ್ಷರ. ಜಯಮಾಲಾ.

ಕೆಳಗೆ ಒಂದು ಸಾಲು: 'ಮೇಡಂ ಕೈ ಕೆಲಸ. ಒಳಗೆಲ್ಲಾ ನೀರೋ ನೀರು. ಈಜೋಕೆ ಬರೋರು ಬನ್ನಿ!'

ಕೆಳಗೆ ನಗುವ ಮುಖಗಳು. ಹತ್ತು. ಹದಿನೈದು. ಇಪ್ಪತ್ತು...

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ತಾರೀಖು ಗುರುತು ಸಿಕ್ಕಿತು. ಅವಳು ಮೊದಲ ಸಲ ಹೆಸರು ಬರೆದ ಬಾಗಿಲು, ಸುಗತನ ಕಾರಿನದು.

'ನೀರು ಬಂದಿದೆ. ಅದನ್ನು ನನಗೆ ಹೇಳಲಿಲ್ಲ. ನನ್ನ ಬಾಗಿಲನ್ನು ಬೇರೆಯವನ ಕೈಯಲ್ಲಿ ಬಿಚ್ಚಿಸಿದ!'

ಹಾಶಿಮ್ ಕೂಡ ಫೋಟೋ ನೋಡಿದ್ದರು. ಸ್ಟೂಲಿನಿಂದ ಎದ್ದರು. ಒಂದು ಕೈಯಲ್ಲಿ ಥಿನ್ನರ್ ಬಾಟಲಿ, ಇನ್ನೊಂದರಲ್ಲಿ ಹಳೆಯ ಬಟ್ಟೆ.

"ಬೇಟಿ..."

"ಬರ್ರಿ ಚಾಚಾ," ಅಂದಳು ಜಯಮಾಲಾ. ಗೋಡೆಗೆ ಸುತ್ತಿಟ್ಟಿದ್ದ ನೀರಿನ ಪೈಪನ್ನು ಹೆಗಲಿಗೆ ಹಾಕಿಕೊಂಡಳು. "ಅಳಸೋದಿದ್ರ ನನ್ನ ಕಣ್ಣೆದುರಿಗೇ ಅಳಸ್ರಿ."

*

ಶಾಹಬಾಜನ ಅಂಗಡಿಯ ಮುಂದೆ ಏಳೆಂಟು ಜನ ಸೇರಿದ್ದರು. ಕಾರಿನ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಆಸ್ಪತ್ರೆಯ ಫೈಲ್ ಇಟ್ಟುಕೊಂಡು ಸುಗತನ ತಾಯಿ ಅಂಜಿನಮ್ಮ ಕೂತಿದ್ದರು. ಸೀರೆಯ ಅಂಚು ಒದ್ದೆ. ಸುಗತ ಜಯಮಾಲಾಳನ್ನು ಕಂಡವನೇ ಬಿಳಿಚಿಕೊಂಡ.

"ಜಯಮಾಲಾ ಅವರೇ... ನಾನು..."

"ಎಷ್ಟು ದಿನ ಆತ್ರಿ ನೀರು ಬಂದು?"

"ಎರಡು ವಾರ."

"ಎರಡು ವಾರ!" ಅವಳ ಧ್ವನಿ ಗಲ್ಲಿಯ ಆ ತುದಿಗೆ ಕೇಳಿಸಿತು. "ನನ್ನ ಅಂಗಡಿ ಇಲ್ಲಿಂದ ಮುನ್ನೂರು ಹೆಜ್ಜಿ. ಅಲ್ಲಿಗೆ ಬರಾಕ ಕಾಲು ಬರಲಿಲ್ಲೇನು?"

"ಬಂದ್ರೆ ನಿಮ್ಮ ಹೆಸರು ಅಳಿಸ್ತಾರೆ ಅಂತ... ಸೀಟ್ ಹೊಲಿಗೆಗೆ ಕಳಿಸ್ತಾರೆ ಅಂತ... ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿಸಿಬಿಡೋಣ ಅಂತ ಬಂದೆ. ನಿಮ್ಮ ಒಳ್ಳೇದಕ್ಕೇ..."

"ನನ್ನ ಒಳ್ಳೇದು!"

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕಣ್ಣು ತುಂಬಿತ್ತು, ಆದರೆ ಕೆಳಗಿಳಿಯಲು ಅವಳು ಬಿಡಲಿಲ್ಲ.

"ಕೇಳ್ರಿ ಮಾಸ್ತರ. ನನ್ನ ಕೆಲಸ ತಪ್ಪಾಗಿದ್ರ ನನ್ನ ಮುಖಕ್ಕ ಹೇಳ್ರಿ. ಬೈರಿ. ನಾ ಕೇಳ್ತೀನಿ. ಆದ್ರ ನನ್ನ ಬೆನ್ನ ಹಿಂದ ನನ್ನ ಮ್ಯಾಲ ಕರುಣೆ ತೋರಸಬ್ಯಾಡ್ರಿ. ಇಷ್ಟು ಮಂದಿ ನಕ್ಕದ್ದು ನನಗ ನೋವಾಗಿಲ್ಲ. ನನ್ನ ಕೆಲಸ ತಪ್ಪು ಅಂತ ನೀವು ಮನಸಿನ್ಯಾಗ ಒಪ್ಪಿಕೊಂಡ್ರಲ್ಲ... ಒಂದು ಮಾತು ನನ್ನ ಕೇಳದೇ... ಅದು ನೋವಾತು."

ಸುಗತ ಒಂದು ಹೆಜ್ಜೆ ಹಿಂದೆ ಸರಿದ.

"ಆಯ್ತಾ ಡೈಲಾಗು?" ಶಾಹಬಾಜ್ ನಕ್ಕ. "ಹಾಶಿಮ್ ಭಾಯ್, ರೂಲ್ ಅಂದ್ರೆ ರೂಲ್. ಅಳಿಸಿ. ನಾನು ಹೊಸ ರಬ್ಬರ್ ಹಾಕ್ಬೇಕು."

ಹಾಶಿಮ್ ಬಟ್ಟೆಗೆ ಥಿನ್ನರ್ ಸುರಿದರು. ಘಾಟು ಮೂಗಿಗೆ ಬಡಿಯಿತು.

"ಹತ್ತು ನಿಮಿಷ ತಡೀರಿ ಚಾಚಾ," ಜಯಮಾಲಾ ಬಾಗಿಲಿಗೆ ಅಡ್ಡ ನಿಂತಳು. "ನಾ ಹಾಕಿದ ರಬ್ಬರ್ ಇನ್ನೂ ಅಲ್ಲೇ ಅದ. ನೀರು ಬಿಡ್ತೀನಿ. ನನ್ನ ರಬ್ಬರ್ ದಾಟಿ ಒಂದು ಹನಿ ಬಂದ್ರ, ನಾನೇ ನನ್ನ ಕೈಯಾರೆ ಅಳಸ್ತೀನಿ. ಎಲ್ಲಾರೂ ನೋಡ್ರಿ. ಫೋಟೋ ತಗದವರೂ ನೋಡ್ರಿ. ಈ ಸಲ ವಿಡಿಯೋನೇ ತಗೀರಿ!"

"ನಾನು ಒಳಗೇ ಕೂತಿರ್ತೀನಿ ಕಣಮ್ಮ," ಅಂದರು ಅಂಜಿನಮ್ಮ. "ನೀರು ಎಲ್ಲಿಂದ ಬರುತ್ತೆ ಅಂತ ನನ್ನ ಕಾಲಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?"

"ಅಮ್ಮಾ, ಒದ್ದೆ ಆಗ್ತೀಯ..."

"ಎರಡು ವಾರದಿಂದ ಒಣಗಿದ್ನೇನೋ? ಸುಮ್ನಿರು."

ಬಾಗಿಲು ಮುಚ್ಚಿತು. ಪೈಪಿನಿಂದ ನೀರು ಬಂತು. ಅವಳು ಮೊದಲು ಮೇಲಂಚಿಗೆ ಬಿಟ್ಟಳು. ಒಂದು ನಿಮಿಷ. ಎರಡು ನಿಮಿಷ. ಬದಿಯ ಅಂಚುಗಳಿಗೆ ಬಿಟ್ಟಳು.

"ಬಂತೇನ್ರಿ ಅಮ್ಮ?"

"ಇಲ್ಲ ಕಣೆ. ಒಂದು ತೊಟ್ಟೂ ಇಲ್ಲ."

ಗುಂಪಿನ ನಗು ಕಡಿಮೆಯಾಯಿತು. ಈಗ ಅವಳು ಗಾಜಿನ ಮೇಲೆ ನೀರು ಬಿಟ್ಟಳು. ಗಾಜಿನ ಮೇಲಿಂದ ಇಳಿದ ನೀರಿನಲ್ಲಿ ಸ್ವಲ್ಪ ಪಟ್ಟಿಯನ್ನು ದಾಟಿ ಬಾಗಿಲಿನ ಹೊಟ್ಟೆಯೊಳಗೆ ಜಾರಿತು.

"ನೋಡಿ, ನೋಡಿ! ಒಳಗೆ ಹೋಯ್ತು!" ಶಾಹಬಾಜ್ ಕೂಗಿದ.

"ಹೋಗ್ಲಿ. ಯಾವ ಕಾರಿನ ಬಾಗಿಲಾದ್ರೂ ಅಷ್ಟು ನೀರು ಒಳಗ ಹೋಗೇ ಹೋಗ್ತದ. ಗಾಜು ಮ್ಯಾಲ ಕೆಳಗ ಆಡಬೇಕಲ್ಲ, ಪಟ್ಟಿ ಅಲ್ಲಿ ಪೂರಾ ಬಿಗಿ ಇರಂಗಿಲ್ಲ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತೀರಿ, ಗೊತ್ತಿಲ್ಲೇನು?"

"ಅಯ್ಯೋ! ಬಂತು ಬಂತು!" ಅಂಜಿನಮ್ಮ ಕಾಲೆತ್ತಿಕೊಂಡರು. "ಮೇಲಿಂದಲ್ಲ... ಕೆಳಗಿಂದ! ಬಾಗಿಲ ಹೊಟ್ಟೆಯಿಂದ ಉಕ್ಕಿ ಬರ್ತಿದೆ!"

ಜಯಮಾಲಾ ಪೈಪನ್ನು ಕೆಳಗೆ ಬಿಟ್ಟಳು. ಬಾಗಿಲು ತೆರೆದು, ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲುಗಿಸಿದಳು.

ಗುಳುಗುಳು...

ತುಂಬಿದ ಕೊಡದ ಸದ್ದು!

ಅವಳು ಒದ್ದೆ ನೆಲದಲ್ಲಿ ಮಂಡಿಯೂರಿ, ಬಾಗಿಲಿನ ತಳದ ಅಂಚಿಗೆ ಬೆರಳು ತೂರಿಸಿದಳು. ಅಲ್ಲಿ ಮೂರು ಸಣ್ಣ ಸೀಳುಗಳಿರಬೇಕಿತ್ತು. ಒಳಗೆ ಇಳಿದ ನೀರು ಹೊರಗೆ ಹೋಗಲೆಂದೇ ಕಾರು ಮಾಡಿದವರು ಬಿಟ್ಟ ದಾರಿ. ಬೆರಳಿಗೆ ಸಿಕ್ಕಿದ್ದು ಸೀಳಲ್ಲ. ನುಣ್ಣನೆಯ, ಮೆತ್ತನೆಯ ಅಂಟು.

ಬಹಳ ಅಚ್ಚುಕಟ್ಟಾದ ಅಂಟು. ಅಳತೆ ಮಾಡಿ ಹಚ್ಚಿದಂತಿತ್ತು.

ಅವಳು ನಿಧಾನವಾಗಿ ತಲೆಯೆತ್ತಿದಳು. "ಇಲ್ಲಿ ಸಿಲಿಕಾನ್ ತುಂಬಿದವರು ಯಾರ್ರಿ?"

ಸುಗತನ ಮುಖದಲ್ಲಿ ಆಗ ಏನೋ ಕುಸಿದು ಬಿತ್ತು. ಅವನು ಬಾಗಿಲು ನೋಡಿದ, ನೀರು ನೋಡಿದ, ಅವಳನ್ನು ನೋಡಿದ. ಸುಮ್ಮನಿದ್ದುಬಿಡಬಹುದಿತ್ತು. ಸೆಕೆಂಡ್ ಹ್ಯಾಂಡ್ ಕಾರು, ಹಿಂದಿನ ಮಾಲೀಕ ಮಾಡಿರಬೇಕು ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ನಾನು," ಅಂದ. ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಅಂದ. "ನಾನೇ ಮುಚ್ಚಿದ್ದು!"

ಗಲ್ಲಿ ಕಿವಿಯಾಯಿತು.

"ಮೊದಲನೇ ಮಳೆ ಬಿದ್ದ ದಿನ ಬಾಗಿಲ ತಳದಿಂದ ನೀರು ತೊಟ್ಟಿಕ್ತಾ ಇತ್ತು. ಇವರ ಕೆಲಸದಲ್ಲೇ ಏನೋ ಕೊರತೆ ಇದೆ ಅಂದ್ಕೊಂಡೆ. ಜೊತೆಗೆ ನಮ್ಮ ರಸ್ತೇಲಿ ನೀರು ನಿಂತಿತ್ತು, ಅದೂ ಈ ತೂತಿನಿಂದಲೇ ಹತ್ತುತ್ತೆ ಅನ್ನಿಸ್ತು. ಇವರಿಗೆ ಗೊತ್ತಾಗೋದು ಬೇಡ ಅಂತ ನಾನೇ ಟ್ಯೂಬ್ ತಂದು ಮುಚ್ಚಿದೆ. ಅದಾದ ಮೇಲೇ ಒಳಗೆ ನೀರು ಬಂದಿದ್ದು."

"ನಾಕೂ ಬಾಗಿಲಿಗೆ ಹಚ್ಚಿದ್ರೇನು?"

"ಇಲ್ಲ. ಮೊದಲು... ಒಂದಕ್ಕೆ ಹಚ್ಚಿ ನೋಡೋಣ ಅಂತ..."

ಜಯಮಾಲಾ ಸೊಂಟದ ಮೇಲೆ ಕೈಯಿಟ್ಟಳು. "ಮೂರು ಬಾಗಿಲ ಒಣಾ ಅವ. ಹಚ್ಚಿದ್ದೊಂದೇ ಹಸಿ. ಇದಕ್ಕ ನಿಮ್ಮ ಕಾಲೇಜಿನ್ಯಾಗ ಏನಂತ ಕಲಿಸ್ತೀರಿ ಮಾಸ್ತರ?"

ಯಾರೋ ಕಿಸಕ್ಕೆಂದರು. ಈ ಸಲ ನಗು ಅವಳ ಮೇಲಿರಲಿಲ್ಲ.

"ಪ್ರಯೋಗ ಅಂತಾರೆ," ಸುಗತ ತಲೆ ತಗ್ಗಿಸಿದ. "ಉತ್ತರ ಕಣ್ಣೆದುರೇ ಇತ್ತು. ನಾನು ನೋಡ್ಲಿಲ್ಲ. ಹುಡುಗರು ಹೀಗೆ ಮಾಡಿದ್ರೆ ಸೊನ್ನೆ ಹಾಕ್ತೀನಿ."

ಅವಳು ಕೊಕ್ಕೆಯಿಂದ ಅಂಟಿನ ತುದಿ ಹಿಡಿದು ಎಳೆದಳು. ಮೊದಲನೆಯದು ಕಿತ್ತು ಬಂತು. ಭರ್ರನೆ ನೀರು ಚಿಮ್ಮಿತು! ಎರಡನೆಯದು. ಮೂರನೆಯದು. ಎರಡು ವಾರದ ಕೆಂಪು ನೀರು ಗಲ್ಲಿಯ ಇಳಿಜಾರಿನಲ್ಲಿ ಹರಿದು ಶಾಹಬಾಜನ ಚಪ್ಪಲಿ ತೋಯಿಸಿ ಚರಂಡಿ ಸೇರಿತು.

"ಈಜಾಕ ಬರ್ತದೇನ್ರಿ?" ಎಂದು ಅವನನ್ನು ಕೇಳಿದಳು.

ಹಾಶಿಮ್ ಥಿನ್ನರ್ ಬಟ್ಟೆಯನ್ನು ಮುದ್ದೆ ಮಾಡಿ ದೂರ ಎಸೆದರು. "ಶಾಹಬಾಜ್, ಫೋಟೋ ಹಾಕಿದ ಜಾಗದಲ್ಲೇ ಈ ವಿಡಿಯೋನೂ ಹಾಕು. ಹೆಸರು ಸಮೇತ!"

ಶಾಹಬಾಜ್ ಗೊಣಗಿದ. ಆದರೆ ಹಾಕಿದ.

*

ಹಾಶಿಮರ ಅಂಗಡಿಯ ಮುಂದೆ ಬಾಗಿಲು ಮತ್ತೆ ಒಣಗುತ್ತಿತ್ತು. ಅಂಜಿನಮ್ಮನನ್ನು ಒಳಗೆ ಕುರ್ಚಿಯಲ್ಲಿ ಕೂರಿಸಿ ಹಾಶಿಮ್ ಟೀ ತರಿಸಿದ್ದರು. ಅವರಿಬ್ಬರೂ ತಂತಮ್ಮ ಮಂಡಿಗಳ ಬಗ್ಗೆ ಮಾತಾಡುತ್ತಿದ್ದರು.

ಜಯಮಾಲಾ ಪ್ಲಾಸ್ಟಿಕ್ ಹಾಳೆಗೆ ಹೊಸ ಅಂಟು ಹಚ್ಚುತ್ತಿದ್ದಳು. ಸುಗತ ಸ್ವಲ್ಪ ದೂರದಲ್ಲಿ ಸ್ಕ್ರೂಗಳ ಡಬ್ಬಿ ಹಿಡಿದು ನಿಂತಿದ್ದ. ಅವಳು ಅವನತ್ತ ನೋಡುತ್ತಿರಲಿಲ್ಲ.

"ಕೋಪ ಹೋಗಿಲ್ಲ," ಅಂದ ಅವನು.

"ಹೋಗಂಗಿಲ್ಲ."

"ಹೋಗೋದು ಬೇಡ. ಆದ್ರೆ ಒಂದು ಮಾತು ಕೇಳಿ. ಅಲ್ಲಿ ಹೇಳಿದ್ದು ಅರ್ಧ." ಅವನ ಕೈಯಲ್ಲಿದ್ದ ಡಬ್ಬಿ ಗಲಗಲ ಅಂದಿತು. "ನೀವು ಹೆಸರು ಬರೆದ ದಿನ ನಿಮ್ಮ ಮುಖ ನೋಡಿದ್ದೆ. ಆ ಬೆಳಕು ಆರೋದನ್ನ ನನ್ನಿಂದ ನೋಡೋಕಾಗ್ತಿರ್ಲಿಲ್ಲ. ಕರುಣೆ ಅಂದ್ರಲ್ಲ... ಅದು ಕರುಣೆ ಅಲ್ಲ ಜಯಮಾಲಾ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ತುಂಬಾ. ಎಷ್ಟು ಅಂದ್ರೆ, ಓದಿದ ಭೌತಶಾಸ್ತ್ರ ಎಲ್ಲಾ ಮರೆತು ನೀರು ಹೋಗೋ ದಾರೀನೇ ಮುಚ್ಚಿಬಿಟ್ಟೆ."

ಅವಳ ಹೆಬ್ಬೆರಳು ಹಾಳೆಯ ಮೇಲೆ ನಿಂತಿತು.

'ಅಳಬಾರದು. ಗಲ್ಲಿಯೆಲ್ಲ ನಕ್ಕಾಗ ಅಳಲಿಲ್ಲ. ಈಗ ಯಾಕೆ ಕಣ್ಣು ಉರಿಯಬೇಕು?'

"ನಂದೂ ತಪ್ಪದ," ಅಂದಳು. "ಮೊದಲನೇ ದಿನಾನೇ ಹೇಳಬೇಕಿತ್ತು, ಕೆಳಗ ನೀರು ತೊಟ್ಟಿಕ್ಕೋದು ಛಲೋದು ಅಂತ. ಪ್ರತಿ ಗಿರಾಕಿಗೂ ಹೇಳ್ತೀನಿ. ನಿಮಗ ಹೇಳಲಿಲ್ಲ. ಮೆಕ್ಯಾನಿಕ್ ಎಲ್ಲಿ ಅಂತ ಕೇಳಿದ್ರಲ್ಲ, ಆ ಸಿಟ್ಟು."

"ನಾಲ್ಕು ಶನಿವಾರ ಆದ ಮೇಲೂ ಸಿಟ್ಟಿತ್ತಾ?"

"ಆಮ್ಯಾಲೆ ಸಿಟ್ಟಿರಲಿಲ್ಲ." ಅವಳ ಕಿವಿ ಕೆಂಪಾಯಿತು. "ಆಮ್ಯಾಲೆ ಬ್ಯಾರೆ ಮಾತಿನ್ಯಾಗ ಮರತೆ."

ಅವನ ಕೈಯ ಡಬ್ಬಿ ಅಲುಗುವುದು ನಿಂತಿತು.

"ನಗಬ್ಯಾಡ್ರಿ. ನನ್ನ ಮಾತು ಮುಗಿದಿಲ್ಲ," ಅವಳು ಈಗ ನೇರ ಅವನ ಕಣ್ಣು ನೋಡಿದಳು. "ನಾ ಈ ಕೆಲಸ ಬಿಡಂಗಿಲ್ಲ. ಇವತ್ತೂ ಇಲ್ಲ, ಮದುವಿ ಆದ್ರೂ ಇಲ್ಲ. ನನ್ನ ಕೈಗೆ ಗ್ರೀಸ್ ಇರ್ತದ. ನನ್ನ ಹೆಸರು ಬಾಗಿಲದಾಗ ಇರ್ತದ. ನನ್ನ ಕಾಯಾಕ ಯಾರೂ ಬ್ಯಾಡ. ತಪ್ಪಾದ್ರ ಎದುರಿಗೆ ಹೇಳೋರು ಬೇಕು. ಆಗ್ತದೇನು?"

"ಆಗುತ್ತೆ."

"ಯೋಚಿಸಿ ಹೇಳ್ರಿ."

"ಎರಡು ವಾರ ಯೋಚಿಸಿದ್ದರ ಫಲ ಈಗ್ತಾನೆ ಚರಂಡಿ ಸೇರ್ತಲ್ಲ. ಈ ಸಲ ಯೋಚಿಸಲ್ಲ. ಆಗುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ತಿರುಗಿ ಬಾಗಿಲಿನೊಳಕ್ಕೆ ಮುಖ ಹಾಕಿ ನಕ್ಕಳು.

ಪ್ಯಾಡ್ ಮುಚ್ಚುವ ಮುಂಚೆ ಅವನು ಕೈ ಚಾಚಿದ. "ಆ ಪೆನ್ನು ಕೊಡಿ."

"ಯಾಕ್ರಿ?"

"ಈ ಬಾಗಿಲಲ್ಲಿ ನಾನೂ ಕೆಲಸ ಮಾಡಿದ್ದೀನಲ್ಲ. ರೂಲ್ ಅಂದ್ರೆ ರೂಲ್."

ಅವಳ ಹೆಸರಿನ ಕೆಳಗೆ, ಹಾಳೆ ಮುಚ್ಚದ ಜಾಗದಲ್ಲಿ, ಅವನು ಕಪ್ಪುಹಲಗೆಯ ಮೇಲೆ ಬರೆಯುವಂತೆ ದುಂಡಗೆ ಬರೆದ: 'ತೂತು ಮುಚ್ಚಿದವನು: ಸುಗತ.'

"ಯಾರಿಗೂ ಕಾಣಂಗಿಲ್ಲ ಅಂತ ಬರದ್ರೇನು?"

"ಮುಂದೆ ಬಿಚ್ಚೋರಿಗೆ ಕಾಣುತ್ತೆ. ತಪ್ಪು ಯಾರದ್ದು ಅಂತ ಗೊತ್ತಾಗ್ಬೇಕಲ್ಲ."

"ಈ ಬಾಗಿಲ ನಾ ಬಿಟ್ಟು ಇನ್ಯಾರೂ ಬಿಚ್ಚಂಗಿಲ್ಲ," ಅಂದಳು ಜಯಮಾಲಾ. ಪ್ಯಾಡನ್ನು ಎರಡೂ ಹೆಸರುಗಳ ಮೇಲಿಟ್ಟು, ಅಂಗೈಯಿಂದ ಒತ್ತಿದಳು. ಟಕ್. ಟಕ್. ಟಕ್.

ಮೊಳೆಯಲ್ಲಿ ನೇತಾಡುತ್ತಿದ್ದ ರಬ್ಬರ್ ಸುರುಳಿಯತ್ತ ಸುಗತ ನೋಡಿದ. "ಅದು ಯಾವ ಕಾರಿಂದು?"

"ನಿಮ್ಮ ಡಿಕ್ಕಿದು." ಅವಳು ಕೈ ಒರೆಸಿಕೊಂಡಳು. "ಎರಡು ವಾರದಿಂದ ಅಲ್ಲೇ ಅದ."

ಅವನು ಸುರುಳಿಯನ್ನು ಒಮ್ಮೆ ಮುಟ್ಟಿ ನೋಡಿದ. "ನಾಳೆ ಬರ್ತೀನಿ," ಅಂದ.

"ನಾಳೆ ಶುಕ್ರವಾರ. ಅಂಗಡಿ ರಜಾ."

"ಗೊತ್ತು."

ಅವಳು ಅವನನ್ನೇ ನೋಡಿದಳು. ಒಳಗಿನಿಂದ ಹಾಶಿಮರ ಕೆಮ್ಮೂ ಅಂಜಿನಮ್ಮನ ನಗುವೂ ಒಟ್ಟಿಗೇ ಕೇಳಿಸಿದವು.

"ಹಂಗಾದ್ರ ಜೋಗುಪಾಳ್ಯಕ್ಕ ಬರ್ರಿ. ಅವ್ವ ಇರ್ತಾಳ. ನನಗ ಹೇಳಿದ್ದನ್ನ ಆಕಿ ಎದುರಿಗೂ ಹೇಳ್ರಿ."

"ಎಲ್ಲಾನೂ ಹೇಳ್ಲಾ? ಸಿಲಿಕಾನ್ ಹಚ್ಚಿದ್ದೂ?"

"ಎಲ್ಲಾ," ಅಂದಳು ಜಯಮಾಲಾ. "ಒಂದೂ ಮುಚ್ಚಬ್ಯಾಡ್ರಿ."